ಫಿಲ್ಟರಿನ ಮೇಲಿನ ಹೆಸರು

ಕದಿರೇಶ ಆ ನೋಟೀಸನ್ನು ನನ್ನ ಮೇಜಿನ ಮೇಲಿಟ್ಟು, ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ. ಎರಡು ಹಾಳೆ, ಪೂರ್ತಿ ಇಂಗ್ಲಿಷು. ಕಂಪನಿಯ ಕ್ರೆಡಿಟ್ ಕಾರ್ಡಿನಿಂದ ಎಂಬತ್ತೈದು ಸಾವಿರ ರೂಪಾಯಿಯನ್ನು ಒಂದು ಟ್ರಸ್ಟಿಗೆ ಕಟ್ಟಿ, ರಸೀದಿಯನ್ನೂ ತೆರಿಗೆ ವಿನಾಯಿತಿಯ ಪ್ರಮಾಣಪತ್ರವನ್ನೂ ತನ್ನ ಸ್ವಂತ ಹೆಸರಿಗೆ ಮಾಡಿಸಿಕೊಂಡಿದ್ದಾನೆ, ಏಳು ದಿನದೊಳಗೆ ಸಮಜಾಯಿಷಿ ಕೊಡದಿದ್ದರೆ ಕೆಲಸದಿಂದ ತೆಗೆಯಲಾಗುವುದು ಎಂದು ಅದರಲ್ಲಿತ್ತು. ಕೆಳಗೆ ರಸೀದಿಯ ನಂಬರು. ಅದು ನಮ್ಮ ರಸೀದಿ. ಮಾಡಿದವಳು ನಾನು.

"ಏನ್ಲಾ ಇದು?" ಎಂದೆ.

"ನೀನೇ ಹೇಳ್ಬೇಕಕ್ಕ," ಎಂದ.

ನಾನು ಸುನಂದ. ವೇಮಗಲ್ಲಿನ ಕೈಗಾರಿಕಾ ಪ್ರದೇಶದ ಪಕ್ಕದಲ್ಲಿರುವ 'ಸೆರಗು' ಎಂಬ ಟ್ರಸ್ಟಿನಲ್ಲಿ ಹನ್ನೊಂದು ವರ್ಷದಿಂದ ಆಫೀಸು ನೋಡಿಕೊಳ್ಳುತ್ತಿದ್ದೇನೆ. ಆಫೀಸು ಅಂದರೆ ಒಂದು ಮೇಜು, ಒಂದು ಕಂಪ್ಯೂಟರು, ಒಂದು ಬೀರು ಮತ್ತು ನಾನು. ಬೆಳಗಿನ ಪಾಳಿಗೆ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳು ತಮ್ಮ ಮಕ್ಕಳನ್ನು ನಮ್ಮಲ್ಲಿ ಬಿಟ್ಟು ಬಸ್ಸು ಹತ್ತುತ್ತಾರೆ. ಸದ್ಯಕ್ಕೆ ಮೂವತ್ತೆಂಟು ಮಕ್ಕಳಿವೆ. ಟ್ರಸ್ಟಿನ ಕಾರ್ಯದರ್ಶಿ ಚನ್ನರಾಯಪ್ಪ ಮೇಷ್ಟ್ರು, ರಿಟೈರ್ಡ್ ಹೆಡ್‌ಮಾಸ್ಟರು, ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕುತ್ತಾರೆ. ನನ್ನ ಬಾಯಿಗೆ ಹೆದರಿ ಇಲಿ ಕೂಡ ಬೀರುವಿನ ಹತ್ತಿರ ಸುಳಿಯುವುದಿಲ್ಲ ಅನ್ನುವುದು ಅವರ ಹಳೆಯ ತಮಾಷೆ. ಹನ್ನೊಂದು ವರ್ಷದಲ್ಲಿ ನನ್ನ ಕಾಗದಪತ್ರದಲ್ಲಿ ಒಂದು ತಪ್ಪು ಹುಡುಕಿ ನೋಡೋಣ ಅನ್ನುವ ಜಂಬ ನನಗಿತ್ತು. ಇತ್ತು ಅಂತಲೇ ಬರೆಯುತ್ತೇನೆ.

ಆದದ್ದು ಇಷ್ಟು. ನಮ್ಮ ಕಡೆ ಫ್ಲೋರೈಡ್ ತುಂಬಿದ ಬೋರ್‌ವೆಲ್ ನೀರು ಕುಡಿದು ಬೆಳೆದವರನ್ನು ಹಲ್ಲು ನೋಡಿಯೇ ಗುರುತಿಸಬಹುದು. ನನ್ನ ಹಲ್ಲಿನ ಮೇಲೂ ಕಂದು ಗೀರುಗಳಿವೆ. ಫೋಟೋ ತೆಗೆಯುವಾಗ ಬಾಯಿ ಮುಚ್ಚಿಕೊಳ್ಳುವುದು ಅದಕ್ಕೇ, ಮಿಕ್ಕ ಹೊತ್ತಿನಲ್ಲಿ ಮುಚ್ಚುವುದಿಲ್ಲ. ನಮ್ಮ ಮಕ್ಕಳಿಗೆ ಹಾಗಾಗಬಾರದು ಅಂತ ಹಾಕಿಸಿದ್ದ ಹಳೆಯ ಫಿಲ್ಟರು ಕಳೆದ ಡಿಸೆಂಬರಿನಲ್ಲಿ ಪೂರ್ತಿ ಕೈಕೊಟ್ಟಿತು. ಕ್ಯಾನ್ ನೀರು ತರಿಸಿ ತರಿಸಿ ಸಾಕಾಗಿ, ನಾನು ಕಂಡಕಂಡವರ ಹತ್ತಿರ ಇದನ್ನೇ ಹೇಳಿಕೊಳ್ಳುತ್ತಿದ್ದೆ.

ಹಾಗೆ ಕೇಳಿಸಿಕೊಂಡವರಲ್ಲಿ ಕದಿರೇಶನೂ ಒಬ್ಬ. ನಮ್ಮ ಹುತ್ತೂರಿನ ಗಂಗುಲಪ್ಪನ ಮಗ, ನನಗೆ ತಮ್ಮನ ಲೆಕ್ಕ. ಇಲ್ಲೇ ಒಂದು ಗೇರ್ ಕಾರ್ಖಾನೆಯಲ್ಲಿ ಅಡ್ಮಿನ್ ಕೆಲಸ, ಒಂಬತ್ತು ವರ್ಷವಾಯಿತು. ಬಸ್ಸು, ಕ್ಯಾಂಟೀನು, ಬಂದವರಿಗೆ ಊಟ, ಹೋಗುವವರಿಗೆ ಕಾರು, ಎಲ್ಲ ಅವನದೇ. ನಮ್ಮ ತಾಯಂದಿರಲ್ಲಿ ಹದಿನಾಲ್ಕು ಜನ ಅದೇ ಕಾರ್ಖಾನೆಯವರು. ಜನವರಿಯಲ್ಲಿ ಅವನು ತನ್ನ ಮ್ಯಾನೇಜರ್ ಅಮರನಾಥ್ ಅವರನ್ನು ಕರೆತಂದ. ಅವರು ನಮ್ಮ ನಲ್ಲಿಯ ನೀರು ಒಂದು ಗುಟುಕು ಕುಡಿದು ಮುಖ ಕಿವುಚಿದರು. ಸಂದರ್ಶಕರ ಪುಸ್ತಕದಲ್ಲಿ ಏನೋ ಗೀಚಿ, ಕಾರು ಹತ್ತುವಾಗ, "ಕದಿರೇಶ್, ಇವ್ರಿಗೊಂದು ಫಿಲ್ಟರ್ ಹಾಕ್ಸಿಬಿಡಿ. ನಿಮ್ಮ ಕಾರ್ಡಲ್ಲಿ ಹಾಕಿ," ಎಂದರು.

'ನಿಮ್ಮ ಕಾರ್ಡು' ಅಂದದ್ದು ಕಂಪನಿಯ ಕಾರ್ಡಿಗೆ. ಬಿಲ್ಲು ಕಂಪನಿ ಕಟ್ಟುತ್ತದೆ, ಆದರೆ ಅದರ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಇಟ್ಟುಕೊಂಡವನ ಹೆಸರು. ಕಂಪನಿಯ ಹೆಸರು ಅದರ ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣದು. ಎರಡು ದಿನ ಬಿಟ್ಟು ಕದಿರೇಶ ಬಂದ. ನಾನು ಕಂಪ್ಯೂಟರಿನಲ್ಲಿ ದೇಣಿಗೆಯ ಪುಟ ತೆಗೆದು ಅವನ ಫೋನ್ ನಂಬರು ಹೊಡೆದೆ. ಹಿಂದಿನ ವರ್ಷ ಗಂಗುಲಪ್ಪನವರ ತಿಥಿಯ ದಿನ ಅವನು ಮಕ್ಕಳಿಗೆ ಊಟ ಹಾಕಿಸಿದ್ದ. ಹಾಗಾಗಿ ಅವನ ಹೆಸರು, ವಿಳಾಸ, ಪ್ಯಾನ್ ನಂಬರು ಎಲ್ಲ ತಾನೇ ತುಂಬಿಕೊಂಡು ಬಂದವು. ಕೆಲಸ ಸಲೀಸಾಯಿತು ಅಂತ ಖುಷಿಪಟ್ಟೆ. ಅವನು ಕಾರ್ಡಿನ ನಂಬರು ಹೊಡೆದು, ಓಟಿಪಿ ಹಾಕಿ, ಅರ್ಧ ದಾರಿಯಲ್ಲಿ ಕೆಟ್ಟು ನಿಂತ ಯಾವುದೋ ಬಸ್ಸಿನ ಡ್ರೈವರಿಗೆ ಫೋನಿನಲ್ಲಿ ಬೈಯುತ್ತಲೇ ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೋದ. ಮಡಿಕೆ ಬಿಚ್ಚದೆ ಅದನ್ನು ಹಾಗೇ ಕಂಪನಿಯ ಖರ್ಚಿನ ಬಿಲ್ಲುಗಳ ಜೊತೆ ಲೆಕ್ಕಕ್ಕೂ ಹಚ್ಚಿದ್ದಾನೆ.

ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ನನ್ನ ಉತ್ಸಾಹ ನಿಲ್ಲಬೇಕಲ್ಲ. ಕೋಲಾರದ ಪಾತ್ರೆ ಅಂಗಡಿಗೆ ಹೋಗಿ, ಬಿಂದಿಗೆಗೆ ಹೆಸರು ಹಾಕಿಸುವ ಹಾಗೆ ಒಂದು ಸ್ಟೀಲ್ ತಗಡಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆಸಿದೆ: 'ದಾನಿಗಳು, ಶ್ರೀಮತಿ ಅಂಜಮ್ಮ ಮತ್ತು ದಿವಂಗತ ಗಂಗುಲಪ್ಪನವರ ಮಗ ಶ್ರೀ ಕದಿರೇಶ್, ಹುತ್ತೂರು.' ಅದನ್ನು ಫಿಲ್ಟರಿಗೆ ಜಡಿಸಿ, ಯಾರಿಗೂ ಹೇಳದೆ ಅಂಜಮ್ಮ ಚಿಕ್ಕಮ್ಮನನ್ನು ಕರೆಸಿದೆ. ಆಕೆಗೆ ಓದು ಬಾರದು. ನಾನು ಓದಿ ಹೇಳಿದೆ. ಆಕೆ ತಗಡಿನ ಮೇಲೆ ಬೆರಳಾಡಿಸಿ, "ಇದ್ರಲ್ಲಿ ಕದಿರೇಶ ಎಲ್ಲವ್ನೆ?" ಎಂದು ಕೇಳಿ, ತೋರಿಸಿದ ಜಾಗವನ್ನು ಮತ್ತೆ ಮತ್ತೆ ಸವರಿದಳು. ಕರೆದುಕೊಂಡು ಹೋಗಲು ಬಂದ ಕದಿರೇಶನನ್ನೂ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದು ನಮ್ಮ ಟ್ರಸ್ಟಿನ ಫೇಸ್‌ಬುಕ್ಕಿಗೆ ಹಾಕಿದೆ. ಅವನು ಒಂದು ಲೋಟ ನೀರು ಕುಡಿದು, ಅಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟುಹೋದ. ಮೇ ತಿಂಗಳಲ್ಲಿ ಎಲ್ಲ ದಾನಿಗಳ ವಿವರ ತೆರಿಗೆ ಇಲಾಖೆಗೆ ಕಳಿಸುವಾಗ ಅವನದನ್ನೂ ಕಳಿಸಿದೆ. ಪ್ರಮಾಣಪತ್ರ ಬಂತು, ವಾಟ್ಸಾಪಿಗೆ ಹಾಕಿದೆ, ಅವನು ಹೆಬ್ಬೆರಳು ತೋರಿಸಿದ.

ಜುಲೈನಲ್ಲಿ ಬೆಂಗಳೂರಿನ ಹೆಡ್ಡಾಫೀಸಿನಿಂದ ಆಡಿಟ್ ಬಂತು. ಕಾರ್ಡು ಕಂಪನಿಯದು, ದುಡ್ಡು ಕಂಪನಿಯದು, ರಸೀದಿ ನೌಕರನ ಹೆಸರಿಗೆ. ಹೊರಗಿನವರ ಕಣ್ಣಿಗೆ ಅದು ಹೇಗೆ ಕಾಣಬೇಕೋ ಹಾಗೇ ಕಂಡಿತು. ಬಾಯಿಮಾತಿನಲ್ಲಿ ಹೇಳಿದ್ದ ಅಮರನಾಥ್ ಏಪ್ರಿಲಿನಲ್ಲೇ ಕೆಲಸ ಬಿಟ್ಟು ಗುಜರಾತಿಗೆ ಹೋಗಿದ್ದರು.

"ಫೋನ್ ಮಾಡ್ಲಿಲ್ವಾ ಅವ್ರಿಗೆ?"

"ನಂಬರು ಬದಲಾಯ್ಸವ್ರಕ್ಕ. ಒಂಬತ್ತು ವರ್ಷ. ಒಂದು ಡೀಸೆಲ್ ಬಿಲ್ಲಲ್ಲಿ ಹತ್ತು ರೂಪಾಯಿ ಮುಟ್ಟಿಲ್ಲ. ಕ್ಯಾಂಟೀನೋರು ಕೂಡ ನನ್ನ ಮುಖ ನೋಡಿ ಮಾತು ನಿಲ್ಲಿಸ್ತಾರೆ ಈಗ." "ಅಮ್ಮಂಗೆ ಹೇಳ್ಬೇಡ ಮಾತ್ರ."

ನನ್ನಿಂದ ಒಬ್ಬ ನಿಯತ್ತಿನ ಮನುಷ್ಯ ಕಳ್ಳ ಅನ್ನಿಸಿಕೊಂಡಿದ್ದ. ಸಿಟ್ಟು ಬಂದರೆ ಬೈಯಲು ಎದುರಿಗೆ ಒಬ್ಬರು ಬೇಕು. ಈ ಸಲ ಬೈಯಬೇಕಾದವಳು ನಾನೇ. ಅದು ಎಷ್ಟು ಕಷ್ಟ ಅಂತ ಆವತ್ತು ಗೊತ್ತಾಯಿತು.

ಮೇಷ್ಟ್ರು ನೋಟೀಸು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. "ನಡೆಯೋರು ಎಡವದೆ ಕೂತೋರು ಎಡವ್ತಾರೇನಮ್ಮ," ಎಂದು ಸಮಾಧಾನ ಹೇಳಿದರು. ಆಮೇಲೆ ದನಿ ತಗ್ಗಿಸಿ, "ಆದ್ರೆ ಸುನಂದಮ್ಮ, ನಮ್ಮ ಟ್ರಸ್ಟೇ ತಪ್ಪು ಪ್ರಮಾಣಪತ್ರ ಕೊಟ್ಟಿದೆ ಅಂತ ನಾವೇ ಬರ್ಕೊಟ್ರೆ, ನಾಳೆ ಯಾವ ಕಂಪನಿ ನಮ್ಮನ್ನ ನಂಬ್ತದೆ? ಮೂವತ್ತೆಂಟು ಮಕ್ಳ ಊಟದ ಪ್ರಶ್ನೆ. 'ಕಂಪ್ಯೂಟರಿನ ದೋಷದಿಂದ' ಅಂತ ಬರೆಯೋಕಾಗಲ್ವ?" ಎಂದರು.

ನಾಚಿಕೆಯಾದರೂ ಹೇಳುತ್ತೇನೆ, ಒಂದಿಡೀ ದಿನ ನಾನು ಆ ಕಾಗದವನ್ನೇ ಬರೆಯುತ್ತ ಕುಳಿತಿದ್ದೆ. ಕಂಪ್ಯೂಟರಿಗೆ ಬಾಯಿಲ್ಲ, ಏನು ಹೊರಿಸಿದರೂ ಹೊರುತ್ತದೆ. ಮಾರನೆಯ ಬೆಳಿಗ್ಗೆ ಮಗುವನ್ನು ಬಿಡಲು ಬಂದ, ಕದಿರೇಶನ ಕಾರ್ಖಾನೆಯವಳೇ ಆದ ಅನಿತ ಎಂಬ ತಾಯಿ ಫಿಲ್ಟರಿನ ಮುಂದೆ ನಿಂತು, ಜೊತೆಗಿದ್ದವಳಿಗೆ ಆ ತಗಡು ತೋರಿಸಿ ತೆಲುಗಿನಲ್ಲಿ, "ಅತ್ತ ಸೊಮ್ಮು ಅಲ್ಲುಡು ದಾನಂ," ಎಂದಳು. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದನಂತೆ. ಇಬ್ಬರೂ ನಕ್ಕರು. ನಾನು ಒಳಗೆ ಹೋಗಿ ಆ ಕಾಗದವನ್ನು ಹರಿದು ಹಾಕಿದೆ. ನನ್ನ ಜಂಬ ಉಳಿಸಿಕೊಳ್ಳಲು ಕದಿರೇಶನ ಮರ್ಯಾದೆ ಅಡವಿಡಲು ಮನಸ್ಸು ಒಪ್ಪಲಿಲ್ಲ.

ಮೇಷ್ಟ್ರಿಗೆ ಹೇಳಿದೆ. ಅವರು, "ನಿಜ ಬರಿ. ನಾನು ಓದಿಯೇ ಸಹಿ ಹಾಕ್ತೀನಿ," ಎಂದರು. ಹನ್ನೊಂದು ವರ್ಷದಲ್ಲಿ ಅವರು ಓದಿ ಸಹಿ ಹಾಕಿದ್ದು ಅದೇ ಮೊದಲು.

ಆರನೆಯ ದಿನ ಕಾರ್ಖಾನೆಗೆ ಹೋದೆ. ಸಂದರ್ಶಕರ ಪುಸ್ತಕವನ್ನು ಬಟ್ಟೆ ಚೀಲದಲ್ಲಿ ಇಟ್ಟುಕೊಂಡಿದ್ದೆ. ಗೇಟಿನ ಹತ್ತಿರವೇ ಕದಿರೇಶನಿಗೆ ಪಾಠ ಹೇಳಿಕೊಟ್ಟೆ. "ನೋಡು, ನೀನು ರಸೀದಿ ಬಿಚ್ಚೇ ನೋಡಿಲ್ಲ. ಹೆಸರು ಯಾರ್ದು ಅಂತ ನಿಂಗೆ ಗೊತ್ತೇ ಇಲ್ಲ. ಅಷ್ಟೇ ಹೇಳು. ಮಿಕ್ಕಿದ್ದು ನಾನು ನೋಡ್ಕೊಂತೀನಿ." ಅವನು ತಲೆಯಾಡಿಸಿದ.

ಆಡಿಟ್ಟಿನವರು ಅಂದರೆ ಯಾರೋ ಟೈ ಕಟ್ಟಿದ ಗಂಡಸು ಅಂದುಕೊಂಡಿದ್ದೆ. ಕೋಣೆಯಲ್ಲಿದ್ದದ್ದು ಮೂವತ್ತರ ಆಸುಪಾಸಿನ ಒಬ್ಬಳು ಹೆಣ್ಣುಮಗಳು, ಹೆಸರು ಚಂದನ. ಮುಂದೆ ಲ್ಯಾಪ್‌ಟಾಪು. ನಗು ಇಲ್ಲ, ಸಿಟ್ಟೂ ಇಲ್ಲ. ಮೊದಲ ಐದು ನಿಮಿಷ ಇಂಗ್ಲಿಷಿನಲ್ಲೇ ಮಾತಾಡಿದಳು. ನಾನು ಕನ್ನಡದಲ್ಲೇ ಉತ್ತರ ಕೊಟ್ಟೆ. ಕಾಗದ ಕೊಟ್ಟು, "ತಪ್ಪು ನಮ್ಮದು. ಪ್ರಮಾಣಪತ್ರ ಕಂಪನಿಯ ಹೆಸರಿಗೆ ಆಗ್ಬೇಕಿತ್ತು. ತೆರಿಗೆ ಇಲಾಖೆಗೆ ತಿದ್ದುಪಡಿ ನಿನ್ನೇನೇ ಕಳಿಸಿದ್ದೀನಿ," ಎಂದೆ. ಪುಸ್ತಕ ತೆಗೆದು ತೋರಿಸಿದೆ. ಅಮರನಾಥ್ ತಮ್ಮ ಕೋಳಿಕಾಲಿನ ಅಕ್ಷರದಲ್ಲಿ, ತಾರೀಖು ಹಾಕಿ, ನೀರು ಸರಿಯಿಲ್ಲ, ನಮ್ಮ ಕಂಪನಿಯಿಂದ ಫಿಲ್ಟರ್ ಹಾಕಿಸುತ್ತೇವೆ ಎಂದು ಬರೆದು ಸಹಿ ಮಾಡಿದ್ದರು.

ಚಂದನ ಅದರ ಫೋಟೋ ತೆಗೆದುಕೊಂಡಳು. "ಇದು ಕಂಪನಿ ಕೊಡೋಕೆ ಒಪ್ಪಿತ್ತು ಅನ್ನೋದಕ್ಕೆ ಸಾಕು. ಇವರು ತಮ್ಮ ಹೆಸರಿಗೆ ಮಾಡಿಸ್ಕೊಂಡ್ರು ಅನ್ನೋದಕ್ಕೆ ಉತ್ತರ ಆಗಲ್ಲ. ಹನ್ನೊಂದು ವರ್ಷದಿಂದ ರಸೀದಿ ಬರೆಯೋರು ನೀವು. ಇದು ಯಾರ ಕಾರ್ಡು ಅಂತ ಒಂದು ಮಾತು ಕೇಳ್ಲಿಲ್ಲ ಅಂದ್ರೆ ನಾನು ಹೇಗೆ ನಂಬಲಿ?"

ಆ ಪ್ರಶ್ನೆಗೆ ನನ್ನ ಕಾಗದದಲ್ಲಿ ಉತ್ತರ ಇರಲಿಲ್ಲ. ಹಾಗಾಗಿ ನಿಜವನ್ನೇ ಹೇಳಿದೆ.

"ನಮ್ಮಪ್ಪ ಹುತ್ತೂರು ಸುತ್ತಿನ ಮದುವೆಗಳಲ್ಲಿ ಮುಯ್ಯಿ ಬರೀತಿದ್ರು ಮೇಡಂ. ಧಾರೆ ಮುಗಿದ್ಮೇಲೆ ಚಾಪೆ ಹಾಕ್ಕೊಂಡು ಪುಸ್ತಕ ತೆಗೆದು ಕೂತ್ಕೊಳ್ಳೋರು. ಬಂದೋರು ದುಡ್ಡು ಕೊಡೋರು, ಇವ್ರು ಮೈಕಲ್ಲಿ ಹೆಸರು ಓದಿ ಬರ್ಕೊಳ್ಳೋರು. ಕಣ್ಣು ಮಂಜಾದ್ಮೇಲೆ ಪೆನ್ನು ನನ್ನ ಕೈಗೆ ಕೊಟ್ರು, ಆಗ ನಂಗೆ ಹನ್ನೆರಡು. ಮೊದಲ್ನೇ ದಿನ ಹೇಳಿದ್ದು ಒಂದೇ ಮಾತು. ಯಾರ ಕೈ ಮುಂದಕ್ಕೆ ಬಂತೋ ಅವ್ರ ಹೆಸರು ಬರಿ. ಆ ದುಡ್ಡು ಅಣ್ಣಂದೋ, ಸಾಹುಕಾರಂದೋ, ಕೈಸಾಲವೋ, ಕೇಳ್ಬಾರ್ದು. ಕೇಳಿದ್ರೆ ಹತ್ತು ಜನದ ಮುಂದೆ ಅವ್ರ ಮಾನ ತೆಗೆದಂಗೆ. ಆ ಅಭ್ಯಾಸ ನಂಗೆ ಇವತ್ತಿಗೂ ಹೋಗಿಲ್ಲ. ಇವನ ಕೈ ಮುಂದಕ್ಕೆ ಬಂತು, ಇವನ ಹೆಸರು ಬರೆದೆ."

ಚಂದನಳ ಬೆರಳು ಕೀಲಿಮಣೆಯ ಮೇಲೆ ನಿಂತಿತು. "ನಮ್ದು ಮಾಲೂರು ಕಡೆ, ಲಕ್ಕೂರು," ಎಂದಳು. "ನಮ್ಮ ಮದ್ವೇಲಿ ನಮ್ಮ ತಾತ ಕೊಟ್ಟು ಕಳಿಸಿದ್ದ ಐದು ಸಾವಿರನ ಚಿಕ್ಕಪ್ಪನ ಹೆಸರಲ್ಲಿ ಬರೆದುಬಿಟ್ಟಿದ್ರು. ಇವತ್ತಿಗೂ ಅವ್ರಿಬ್ರಿಗೆ ಮಾತಿಲ್ಲ." ಒಂದು ಕ್ಷಣ ಮುಖ ಸಡಿಲವಾಯಿತು, ಮತ್ತೆ ಬಿಗಿಯಾಯಿತು. "ಆದ್ರೆ ಮದ್ವೆ ಪುಸ್ತಕ ಬೇರೆ, ಇನ್‌ಕಮ್ ಟ್ಯಾಕ್ಸ್ ಬೇರೆ. ಕದಿರೇಶ್, ನೀವು ಹೇಳಿ. ರಸೀದಿ ನಿಮ್ಮ ಹೆಸರಲ್ಲಿದೆ ಅಂತ ನಿಮಗೆ ಗೊತ್ತಿತ್ತಾ?"

ಗೇಟಿನ ಹತ್ತಿರ ಕಲಿಸಿದ ಪಾಠ ಅವನು ಒಪ್ಪಿಸಬೇಕಾದ ಹೊತ್ತು. ಅವನು ನನ್ನ ಮುಖ ನೋಡಲಿಲ್ಲ.

"ರಸೀದಿ ಬಿಚ್ಚಿ ನೋಡಿರ್ಲಿಲ್ಲ ಮೇಡಂ. ಪ್ರಮಾಣಪತ್ರನೂ ತೆಗೆದು ನೋಡ್ಲಿಲ್ಲ," ಎಂದ. "ಆದ್ರೆ ಫಿಲ್ಟರ್ ಮೇಲಿನ ತಗಡು ನೋಡ್ದೆ. ಆವತ್ತೇ ಗೊತ್ತಾಯ್ತು."

ನಾನು ಮೇಜಿನ ಕೆಳಗೆ ಅವನ ಕಾಲು ತುಳಿದೆ. ಅವನು ಕಾಲು ಎಳೆದುಕೊಂಡ.

"ಗೊತ್ತಾದ್ಮೇಲೆ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಅಂತಾನೇ ಬಾಯಿ ತೆಗೆದೆ. ಅಮ್ಮ ಅದರ ಮೇಲೆ ಕೈಯಾಡಿಸ್ತಾ ನಿಂತಿದ್ಳು. ನಮ್ಮಪ್ಪ ಹೋದ್ಮೇಲೆ ಅವ್ಳ ಮುಖದಲ್ಲಿ ಅಂಥ ಸಂತೋಷ ನಾನು ನೋಡಿರ್ಲಿಲ್ಲ. ನಾಳೆ ಹೇಳೋಣ ಅಂದ್ಕೊಂಡೆ. ಆ ನಾಳೆ ಬರ್ಲೇ ಇಲ್ಲ. ಅಷ್ಟು ತಪ್ಪು ನಂದು ಮೇಡಂ, ಅಕ್ಕಂದಲ್ಲ. ನಿಮ್ಮ ದುಡ್ಡಿನ ಹೆಸರು ನಾನು ಆರು ತಿಂಗಳು ಇಟ್ಕೊಂಡಿದ್ದೆ."

ಮುಗಿಯಿತು ಎಂದುಕೊಂಡೆ. ಕಟ್ಟಿದ್ದೆಲ್ಲ ಅವನೇ ಕೆಡವಿದ. ಎದ್ದು ಅವನ ಕೆನ್ನೆಗೆ ಒಂದು ಬಿಡಬೇಕು ಅನ್ನಿಸಿತು, ಜೊತೆಗೆ ಅಳುವೂ ಬಂತು.

"ಈ ವರ್ಷದ ರಿಟರ್ನ್ ಹಾಕಿದ್ದೀರಾ?" ಚಂದನ ಕೇಳಿದಳು. ಕದಿರೇಶ ಫೋನಿನಲ್ಲಿ ತೆಗೆದು ಅವಳ ಮುಂದೆ ಚಾಚಿದ. ಅವಳು ಬೆರಳಿನಿಂದ ಮೇಲೆ ಕೆಳಗೆ ಸರಿಸಿ ನಿಧಾನವಾಗಿ ನೋಡಿದಳು. ದೇಣಿಗೆಯ ಜಾಗದಲ್ಲಿ ಸೊನ್ನೆ ಇತ್ತು. ಒಂದು ರೂಪಾಯಿ ವಿನಾಯಿತಿಯನ್ನೂ ಅವನು ಕೇಳಿರಲಿಲ್ಲ.

ಅವಳು ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿದಳು. ಅದರಲ್ಲಿದ್ದದ್ದು ನಮ್ಮ ಫೇಸ್‌ಬುಕ್ ಪುಟ. ಫಿಲ್ಟರು, ತಗಡು, ಅಂಜಮ್ಮ ಚಿಕ್ಕಮ್ಮ, ಪಕ್ಕದಲ್ಲಿ ಕದಿರೇಶ. ನಾನೇ ಹಾಕಿದ್ದು. ತಗಡಿನ ಅಕ್ಷರ ಒಂದೊಂದೂ ಓದಬಹುದಾಗಿತ್ತು.

"ಇದು ಹೋದ ವಾರವೇ ನಂಗೆ ಸಿಕ್ಕಿದೆ," ಎಂದಳು. "ಗೊತ್ತೇ ಇರ್ಲಿಲ್ಲ ಅಂತ ನೀವು ಹೇಳಿದ್ದಿದ್ರೆ, ನಾನು ಇವತ್ತು ಬರೀಬೇಕಾದ್ದು ಬೇರೆ ಇತ್ತು."

ನನ್ನ ಪಾಠ ಅವನನ್ನು ಮುಳುಗಿಸುವುದರಲ್ಲಿತ್ತು. ನಾನು ಬಾಯಿ ಮುಚ್ಚಿಕೊಂಡು ಕುಳಿತೆ. ನನ್ನನ್ನು ಬಲ್ಲವರಿಗೆ ಅದು ಎಂಥ ಶಿಕ್ಷೆ ಅಂತ ಗೊತ್ತು.

ಅವಳು ನೀರು ಕುಡಿದು ಸಾವಕಾಶವಾಗಿ ಹೇಳಿದಳು. ಅಮರನಾಥ್ ಅವರ ಹೊಸ ವಿಳಾಸ ಹುಡುಕಿ ಮೇಲ್ ಕಳಿಸುತ್ತಾಳೆ. ಅವರು ಹೌದೆಂದರೆ ಕೆಲಸಕ್ಕೆ ತೊಂದರೆ ಇಲ್ಲ. ತಿಳಿದೂ ಸುಮ್ಮನಿದ್ದುದಕ್ಕೆ ಎಚ್ಚರಿಕೆಯ ಪತ್ರ ಮಾತ್ರ ತಪ್ಪುವುದಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ರಸೀದಿ, ಪ್ರಮಾಣಪತ್ರ ಎರಡೂ ಕಂಪನಿಗೆ. ಅದ್ರಲ್ಲಿ ಬೇರೆ ಮಾತಿಲ್ಲ. ಆದ್ರೆ ನಿಮ್ಮ ನೀರಿನ ಕಷ್ಟ ಮ್ಯಾನೇಜರ್ ಕಿವೀಗೆ ಹಾಕಿ, ಕರ್ಕೊಂಬಂದು ತೋರಿಸಿದ್ದು ಇವರು ತಾನೆ? ನಿಮ್ಮ ಪುಸ್ತಕದಲ್ಲಿ ಇವರ ಹೆಸರನ್ನ ಬೇರೆ ಕಾಲಂನಲ್ಲಿ ಇಟ್ಕೊಳ್ಳಿ. ಅದಕ್ಕೆ ನಮ್ಮ ಅಡ್ಡಿಯಿಲ್ಲ," ಎಂದಳು.

"ಮಾರ್ಫತ್ ಅಂತ ಹಾಕ್ತೀನಿ," ಎಂದೆ. "ತಾತ ಕೊಟ್ಟು ಕಳಿಸಿದ್ರೆ ತಾತನ ಹೆಸರು, ತಂದೋರು ಮಾರ್ಫತ್. ನಿಮ್ಮ ಮದ್ವೇಲಿ ಬರೆದೋನಿಗೆ ಅಷ್ಟೂ ಗೊತ್ತಿರ್ಲಿಲ್ಲ ಅನ್ಸುತ್ತೆ."

"ನಿಮಗೂ ಮರ್ತು ಹೋಗಿತ್ತಲ್ಲ," ಎಂದಳು ಚಂದನ. ಆಗ ಮೊದಲ ಸಲ ನಕ್ಕಳು.

ನಾಲ್ಕು ದಿನಕ್ಕೆ ಅಮರನಾಥ್ ಅವರಿಂದ ಎರಡು ಸಾಲಿನ ಉತ್ತರ ಬಂತು: ಹೌದು, ನಾನೇ ಹೇಳಿದ್ದು, ಲಿಖಿತವಾಗಿ ಕೊಡದೆ ಹೋದದ್ದು ನನ್ನ ತಪ್ಪು. ಕದಿರೇಶನ ಕೆಲಸ ಉಳಿಯಿತು. ಎಚ್ಚರಿಕೆಯ ಪತ್ರ ಬಂತು, ಕಾರ್ಡನ್ನು ಆರು ತಿಂಗಳ ಮಟ್ಟಿಗೆ ವಾಪಸ್ ಪಡೆದರು. "ಹೋಗ್ಲಿ ಬಿಡಕ್ಕ, ಜೇಬು ಹಗುರ ಆಯ್ತು," ಎಂದ. ಕಂಪನಿಯವರು ತಗಡಿನ ಬದಲು ತಮ್ಮ ಹೆಸರಿನ ನೀಲಿ ಸ್ಟಿಕರ್ ಕಳಿಸಿಕೊಟ್ಟರು. ನಮ್ಮ ಮಕ್ಕಳು ಅದರ ಒಂದು ಮೂಲೆಯನ್ನು ಆಗಲೇ ಕಿತ್ತಿದ್ದಾರೆ. ಮೇಷ್ಟ್ರು ಹೆದರಿದ ಹಾಗೆ ಯಾವ ಕಂಪನಿಯೂ ನಮ್ಮನ್ನು ಬಿಡಲಿಲ್ಲ. ಬದಲಿಗೆ ಆ ಕಾರ್ಖಾನೆಯವರು ನಮ್ಮ ತಿದ್ದುಪಡಿಯ ಕಾಗದ ನೋಡಿ, ಇನ್ನು ಮುಂದೆ ಏನಿದ್ದರೂ ಮೊದಲೇ ಬರೆದು ಕೇಳಿ, ಬರೆದೇ ಕೊಡುತ್ತೇವೆ ಎಂದು ತಿಳಿಸಿದರು. ನಾನು ದೇಣಿಗೆಯ ಪುಟದಲ್ಲಿ ಹೊಸದಾಗಿ ಎರಡು ಪ್ರಶ್ನೆ ಸೇರಿಸಿದೆ: ದುಡ್ಡು ಯಾರದು, ಯಾರ ಮಾರ್ಫತ್. ಮೊದಮೊದಲು ಕೇಳುವಾಗ ನಾಲಿಗೆ ತೊದಲುತ್ತಿತ್ತು.

ಉಳಿದದ್ದು ಅಂಜಮ್ಮ ಚಿಕ್ಕಮ್ಮ. ತಗಡು ತೆಗೆದದ್ದನ್ನು ಆಕೆಗೆ ಯಾರು ಹೇಳಬೇಕು ಅಂತ ನಾನೂ ಕದಿರೇಶನೂ ಎರಡು ವಾರ ಒಬ್ಬರ ಮೇಲೊಬ್ಬರು ಹಾಕುತ್ತ ಕಾಲ ಕಳೆದೆವು. ಹುತ್ತೂರಿನ ಡೇರಿಯಲ್ಲಿ ಹಾಲು ಹಾಕಲು ಹೋದಾಗ, ಹಿಪ್ಪುನೇರಳೆ ತೋಟದ ಬದುವಿನಲ್ಲಿ, ಆಕೆ ಸಿಕ್ಕವರಿಗೆಲ್ಲ ಮಗನ ಫಿಲ್ಟರಿನ ಕಥೆ ಹೇಳಿಕೊಂಡಿದ್ದಳು. ಅವರ ಮುಂದೆ ಆಕೆ ಹೇಗೆ ತಲೆಯೆತ್ತಿ ನಡೆಯಬೇಕು ಅನ್ನುವುದು ನಮ್ಮ ಸಂಕಟ.

ಆಕೆ ತಾನೇ ಬಂದಳು. ಆವತ್ತು ಕೋಲಾರದ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡು ಮಾರಿ, ನೇರ ಬಸ್ಸು ಹತ್ತಿ ವೇಮಗಲ್ಲಿಗೆ ಬಂದಿದ್ದಳು. ಸೀರೆಯ ಮೇಲೆ ಇನ್ನೂ ಗೂಡಿನ ಎಳೆಗಳು ಅಂಟಿಕೊಂಡಿದ್ದವು. ಫಿಲ್ಟರಿನ ಮುಂದೆ ನಿಂತು, ತಗಡಿದ್ದ ಜಾಗದ ನಾಲ್ಕು ತೂತುಗಳನ್ನು ನೋಡಿ, ನನ್ನ ಎದುರಿನ ಕುರ್ಚಿಗೆ ಬಂದು ಕೂತಳು.

"ಚಿಕ್ಕಮ್ಮ, ಅದು..." ಎಂದು ಶುರುಮಾಡಿದೆ.

"ಗೊತ್ತು ಬಿಡೇ. ಡೇರಿ ಹತ್ರ ಹೇಳಿದ್ರು, ನಿನ್ನ ಮಗ ಕಂಪನಿ ದುಡ್ಡು ತನ್ನ ಹೆಸರಿಗೆ ಮಾಡ್ಕೊಂಡ ಅಂತ. ನಾ ಕೊಡುಕು ದೊಂಗ ಕಾದು, ನನ್ನ ಮಗ ಕಳ್ಳ ಅಲ್ಲ ಅಂದೆ. ಆಮೇಲೆ ಅವ್ನನ್ನ ಕೂರಿಸ್ಕೊಂಡು ಕೇಳ್ದೆ. ಎಲ್ಲಾ ಹೇಳ್ದ."

"ಬೇಜಾರಾಯ್ತಾ?"

"ಆಯ್ತು. ಸುಳ್ಳು ಹೇಳಲ್ಲ. ಎರಡು ದಿನ ಡೇರಿಗೆ ಹಾಲು ಪಕ್ಕದ ಮನೆಯೋರ ಕೈಲಿ ಕೊಟ್ಟು ಕಳಿಸ್ದೆ." ಆಕೆ ಸೆರಗಿನ ಗಂಟು ಬಿಚ್ಚತೊಡಗಿದಳು. "ಮೂರನೇ ದಿನ ನಾನೇ ಹೋದೆ. ಹೆಸರಿಗೋಸ್ಕರ ಸುಮ್ನಿದ್ದ, ಹೊಟ್ಟೆಗೋಸ್ಕರ ಅಲ್ಲ; ಅದನ್ನೂ ಅವ್ನೇ ಬಾಯಿಬಿಟ್ಟು ಒಪ್ಕೊಂಡ ಅಂತ ಎಲ್ರ ಮುಂದೆ ಹೇಳ್ದೆ. ಅಂದೋರು ತಲೆ ಬಗ್ಗಿಸ್ಕೊಂಡ್ರು." ಗಂಟಿನಿಂದ ಐನೂರರ ಎರಡು ನೋಟು ತೆಗೆದು ಮೇಜಿನ ಮೇಲಿಟ್ಟಳು. "ತಗೋ. ಮಕ್ಳಿಗೆ. ಆ ಕಂಪನಿ ಹೆಸರಲ್ಲಿ ಬರಿ."

"ಕಂಪನಿ ಹೆಸರಲ್ಲಾ? ಯಾಕೆ?"

"ಯಾಕೆ ಅಂದ್ರೆ? ಅವ್ರ ಹೆಸರು ಆರು ತಿಂಗ್ಳು ನಮ್ಮನೇಲಿತ್ತು. ಮುಯ್ಯಿ ಉಳಿಸ್ಕೊಬಾರ್ದು. ನನ್ನ ಮಗನ ಅನ್ನ ಉಳಿಸವ್ರೆ ಬೇರೆ."

ನನಗೆ ನಗು ಬಂತು. ಒಬ್ಬರ ದುಡ್ಡು ಇನ್ನೊಬ್ಬರ ಹೆಸರಿಗೆ ಬರೆದು ಇಷ್ಟೆಲ್ಲ ಆಗಿರುವಾಗ, ಈಕೆ ಅದನ್ನೇ ತಿರುಗುಮುರುಗು ಮಾಡಿಸಲು ಬಂದಿದ್ದಾಳೆ.

"ಹಂಗೆ ಬರೆಯಂಗಿಲ್ಲ ಚಿಕ್ಕಮ್ಮ. ಬರೆದ್ರೆ ಆ ಚಂದನಮ್ಮ ಮತ್ತೆ ಬರ್ತಾಳೆ. ಈಗ ಹೊಸ ಕಾನೂನು. ಇದು ಯಾರ ದುಡ್ಡು ಹೇಳು."

ಆಕೆಗೆ ಅವಮಾನವಾದೀತೆಂದು ಹೆದರಿಕೊಂಡೇ ಕೇಳಿದ್ದೆ. ಆಕೆ ಹಾಗೇನೂ ಮಾಡಿಕೊಳ್ಳಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತಳು. "ಯಾರ್ದು ಅಂದ್ರೇನು. ನಂದು. ಹುಳ ಮೇಯ್ಸಿದ್ದು ನಾನು, ಸೊಪ್ಪು ಕುಯ್ದಿದ್ದು ನಾನು, ಗೂಡು ಬಿಡಿಸಿದ್ದು ನಾನು."

"ಯಾರ ಮಾರ್ಫತ್?"

"ಯಾರ ಮಾರ್ಫತ್ತೂ ಇಲ್ಲ. ನನ್ನ ಕಾಲಲ್ಲೇ ನಾನು ಬಂದಿಲ್ವಾ?"

ನಾನು ಹಾಗೇ ಹೊಡೆದೆ. ಪ್ರಿಂಟರು ಕರಕರ ಸದ್ದು ಮಾಡಿ ರಸೀದಿ ಹೊರಹಾಕಿತು. ಆಕೆ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ ನನಗೇ ವಾಪಸ್ ಕೊಟ್ಟಳು.

"ಏನಂತ ಬರೆದಿದ್ದೀಯ, ಓದು."

"ಶ್ರೀಮತಿ ಅಂಜಮ್ಮ, ಹುತ್ತೂರು. ಒಂದು ಸಾವಿರ ರೂಪಾಯಿ."

"ಗಂಗುಲಪ್ಪನ ಹೆಂಡ್ತಿ ಅಂತ ಇಲ್ವಾ?"

"ಇಲ್ಲ."

"ಕದಿರೇಶನ ತಾಯಿ ಅಂತ?"

"ಅದೂ ಇಲ್ಲ. ಬರೀ ನಿನ್ನ ಹೆಸರು."

ಆಕೆಯ ಜಮೀನಿನ ಪಹಣಿ ಗಂಡನ ಹೆಸರಿನಲ್ಲಿತ್ತು, ಆಮೇಲೆ ಮಗನ ಹೆಸರಿಗೆ ಬಂತು. ಕರೆಂಟು ಬಿಲ್ಲು ಇವತ್ತಿಗೂ ಗಂಗುಲಪ್ಪನವರ ಹೆಸರಿಗೇ ಬರುತ್ತದೆ. ಆಕೆ ಜೀವಮಾನದಲ್ಲಿ ಎಷ್ಟು ಮದುವೆಗೆ ಮುಯ್ಯಿ ಹಾಕಿದ್ದಾಳೋ, ಅಷ್ಟರಲ್ಲೂ, ಮುಂದಕ್ಕೆ ಬಂದ ಕೈ ಆಕೆಯದೇ ಆದರೂ, ಅಪ್ಪ, ಆಮೇಲೆ ನಾನು, ಮನೆಯ ಗಂಡಸಿನ ಹೆಸರನ್ನೇ ಬರೆದಿದ್ದೇವೆ. ಇದೆಲ್ಲ ನನಗೆ ಹೊಳೆದದ್ದು ಆ ಹೊತ್ತಿನಲ್ಲೇ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಸ್ವಲ್ಪ ಮುಂದಕ್ಕೆ ಜರುಗಿ ಕೂತಳು.

"ಇನ್ನೊಂದ್ಸಲ ಓದು. ಆ ಮಕ್ಳಿಗೆ ಕೇಳಂಗೆ ಓದು."

ನಾನು ಎದ್ದು ನಿಂತು ಓದಿದೆ.